ಮೊಲದ ಕಿವಿಯ ಕುದುರೆ

ಹಾಲಸ್ವಾಮಿ ಬಾಯಿ ತೆರೆದದ್ದು ಕಾಫಿ ಕುಡಿಯುವುದಕ್ಕೆ. ಲೋಟ ತುಟಿಗಿಟ್ಟು ಸುಮ್ಮನೆ ಕುಡಿದಿದ್ದರೆ ಹೇಳುವುದಕ್ಕೆ ಕತೆಯೇ ಇರುತ್ತಿರಲಿಲ್ಲ.

ಸಂಕ್ರಾಂತಿಗೆ ಇನ್ನೂ ಹತ್ತು ದಿನವಿತ್ತು. ಶಿವಮೊಗ್ಗದ ವಿನೋಬನಗರದ ಅವನ ಮನೆಯ ಹಜಾರದಲ್ಲಿ ಬೀದಿಯ ಮಹಿಳಾ ಸಂಘದ ಸಭೆ ಸೇರಿತ್ತು. ಪ್ರತಿವರ್ಷ ಹಬ್ಬದ ಸಂಜೆ ಬೀದಿಯವರೆಲ್ಲ ಪಾರ್ಕಿನಲ್ಲಿ ಕೂಡುವುದು, ಎಲ್ಲ ಮನೆಯ ಎಳ್ಳುಬೆಲ್ಲ, ಸಕ್ಕರೆ ಅಚ್ಚುಗಳನ್ನು ಒಂದು ಕಡೆ ಜೋಡಿಸಿ ಹಂಚುವುದು ವಾಡಿಕೆ. ತರುವುದೆಲ್ಲ ಮನೆಯಲ್ಲೇ ಮಾಡಿದ್ದಾಗಿರಬೇಕು, ಅಂಗಡಿಯ ಸರಕಿಗೆ ಪ್ರವೇಶವಿಲ್ಲ. ಆ ಮಾತು ಬಂದಾಗ ಹಾಲಸ್ವಾಮಿಯ ಹೆಂಡತಿ ಜಗದಾಂಬಾ, "ಅಚ್ಚು ಹುಯ್ದು ಏಳೋ ಹೊತ್ತಿಗೆ ಸೊಂಟ ಬಿದ್ದೋಗಿರುತ್ತೆ ಕಣ್ರೀ" ಅಂದಳು.

ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಹಾಲಸ್ವಾಮಿಯನ್ನು ಯಾರೂ ಏನೂ ಕೇಳಿರಲಿಲ್ಲ. ಆದರೂ ಹೇಳಿದ. "ಅದ್ರಲ್ಲೇನಿದೆ ಮಾರಾಯ್ತಿ? ಸಕ್ಕರೆ ಕುದಿಸೋದು, ಅಚ್ಚಿಗೆ ಹುಯ್ಯೋದು. ಒಂದು ಗಂಟೆ ಕೆಲಸ."

ಒಂಬತ್ತು ಹೆಂಗಸರು ಒಟ್ಟಿಗೆ ಅವನ ಕಡೆ ತಿರುಗಿದರು. ಸಂಘದ ಅಧ್ಯಕ್ಷೆ ಸರಸ್ವತಿಯವರು ಮೂವತ್ತೆರಡು ವರ್ಷ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ಎಷ್ಟೋ ತುಂಟರನ್ನು ದಾರಿಗೆ ತಂದವರು. ಅವರು ಕನ್ನಡಕ ಸರಿಮಾಡಿಕೊಂಡು, "ಒಳ್ಳೇದಾಯ್ತು" ಅಂದರು. "ಈ ಸಲ ಅಚ್ಚು ಗಂಡಸರೇ ಹುಯ್ಯಲಿ. ಹಬ್ಬದ ಬೆಳಿಗ್ಗೆ ಪೂಜೆ ಮುಗಿಸಿ ನಾವೆಲ್ಲ ಪಾರ್ಕಿಗೆ ಹೋಗಿ ತೋರಣ ಕಟ್ಟೋದು, ಕಾಗದದ ಹೂವು ಮಾಡೋದು ನೋಡ್ಕೊಳ್ಳೋಣ. ಸಂಜೆ ತನಕ ಯಾರೂ ಮನೆಗೆ ಕಾಲಿಡಬಾರದು. ಕದ್ದು ಅಂಗಡೀದು ತಂದವರಿಗೆ ದಂಡ ಇದೆ. ಏನು ದಂಡ ಅನ್ನೋದನ್ನ ಅವತ್ತೇ ಹೇಳ್ತೀನಿ."

ಮರುದಿನದಿಂದ ಬೀದಿಯ ಗಂಡಸರು ಹಾಲಸ್ವಾಮಿಯ ಜೊತೆ ಮಾತು ಬಿಟ್ಟರು. ಪಕ್ಕದ ಮನೆಯ ಮಲ್ಲಿಕ್ ಅವನನ್ನು ಕಂಡರೆ ಬೈಕು ಸ್ಟಾರ್ಟ್ ಮಾಡುವಷ್ಟು ಹೊತ್ತೂ ನಿಲ್ಲದೆ ತಳ್ಳಿಕೊಂಡೇ ಹೊರಟುಬಿಡುತ್ತಿದ್ದ. ಹಾಲಸ್ವಾಮಿ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಅವನಿಗೆ ಬೇಕಾಗಿದ್ದು ಒಂದೇ. ಸಂಜೆ ನಾಲ್ಕು ಜನರ ಎದುರು ಜಗದಾಂಬಾ ಅವನ ತಟ್ಟೆ ನೋಡಿ, "ಇವು ನಮ್ಮೆಜಮಾನ್ರು ಮಾಡಿದ್ದು" ಅನ್ನಬೇಕು. ಹದಿನೆಂಟು ವರ್ಷದ ಸಂಸಾರದಲ್ಲಿ ಅಂಥ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಬೀಳುವಂಥ ಕೆಲಸ ಅವನೂ ಮಾಡಿರಲಿಲ್ಲ ಅನ್ನುವುದು ಬೇರೆ ವಿಚಾರ.

ಆದರೆ ಹಾಲಸ್ವಾಮಿ ಸರ್ಕಾರಿ ಕಚೇರಿಯ ಗುಮಾಸ್ತ. ಯಾವ ಕೆಲಸವನ್ನೂ ಕೊನೆಯ ದಿನಕ್ಕೆ ಮುಂಚೆ ಮುಟ್ಟಿ ಅಭ್ಯಾಸವಿರಲಿಲ್ಲ. ಹಬ್ಬದ ಬೆಳಿಗ್ಗೆ ಎದ್ದು ಅಚ್ಚು ಹುಡುಕಿದರೆ ಜಗದಾಂಬಾ ಅವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಳು.

"ಅವು ನಮ್ಮಮ್ಮ ಕೊಟ್ಟಿದ್ದು ರೀ. ಒಂದು ಗಂಟೆ ಕೆಲಸಕ್ಕೆ ಅಚ್ಚು ಎಲ್ಲಾದ್ರೂ ಸಿಗುತ್ತೆ, ನೋಡಿ" ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಪಾರ್ಕಿಗೆ ಹೊರಟಳು.

ಹಾಲಸ್ವಾಮಿಗೆ ಕಚೇರಿಯ ಮೀರಾ ನೆನಪಾದಳು. ದಿನಾ ಭದ್ರಾವತಿಯಿಂದ ಬಂದುಹೋಗುವ ಹುಡುಗಿ. ಫೋನ್ ಮಾಡಿದ. "ಹಳೇನಗರದಲ್ಲಿ ಸಣ್ಣಮ್ಮ ಅಂತ ಒಬ್ಬರಿದ್ದಾರೆ ಸಾರ್, ಮನೇಲೇ ಅಚ್ಚು ಹುಯ್ದು ಮಾರ್ತಾರೆ. ನನ್ನ ಹೆಸರು ಹೇಳಿ" ಅಂದಳು. ಎಂಟೂವರೆಯ ಬಸ್ಸಿಗೆ ಹಾಲಸ್ವಾಮಿ ಭದ್ರಾವತಿಗೆ ಹೊರಟ.

ಸಣ್ಣಮ್ಮನಿಗೆ ಎಪ್ಪತ್ತು ದಾಟಿತ್ತು. ಒಲೆ ಆರಿಸಿ, ಕಾಲು ನೀಡಿ, ಜಗಲಿಯ ಮೇಲೆ ಕೂತಿದ್ದರು.

"ಹುಯ್ಯೋದೆಲ್ಲ ಮುಗೀತು ಕಣಪ್ಪ. ಈ ವರ್ಷ ಏನಾಗಿದೆಯೋ ಕಾಣೆ, ಶಿವಮೊಗ್ಗದಿಂದ ಬಂದಿದ್ದೇ ಬಂದಿದ್ದು ಗಿರಾಕಿ. ಎಲ್ಲಾ ಗಂಡಸರೇ! ಅರ್ಧ ಕೆಜಿ ಉಳಿದಿದೆ, ನೀನೂ ತಗೊಂಡ್ಹೋಗು."

ಪೊಟ್ಟಣ ನೋಡಿ ಹಾಲಸ್ವಾಮಿಯ ಕೈ ಒಂದು ಗಳಿಗೆ ಜೇಬಿನ ತನಕ ಹೋಯಿತು. ಬಿಳಿಬಿಳಿ ಅಚ್ಚುಗಳು, ಒಂದಕ್ಕಿಂತ ಒಂದು ಚೆಂದ. ಆದರೆ ಜಗದಾಂಬಾ ಕಣ್ಣ ಮುಂದೆ ಬಂದಳು. ಕೈ ಹಿಂದಕ್ಕೆ ಬಂತು. "ಬೇಡಮ್ಮ, ನಾನೇ ಮಾಡ್ಬೇಕು. ಮರದ ಅಚ್ಚು ಮಾತ್ರ ಕೊಡಿ, ನಾಳೆ ತಂದುಕೊಡ್ತೀನಿ" ಅಂದ.

ಸಣ್ಣಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಒಳಗಿಂದ ನಾಲ್ಕು ಜೊತೆ ಮರದ ಅಚ್ಚು ತಂದರು. ನಾಲ್ಕೂ ಕುದುರೆ. ಕುದುರೆ ಎಂದು ಅವರು ಹೇಳಿದ್ದಕ್ಕೆ ಗೊತ್ತಾಯಿತು. ಕಿವಿ ನೋಡಿದರೆ ಮೊಲ.

"ನಮ್ಮಪ್ಪ ಕೆತ್ತಿದ್ದು. ಅವ್ರು ಹತ್ತಿರದಿಂದ ಕುದುರೆ ನೋಡಿರ್ಲಿಲ್ಲ" ಅಂದರು ಸಣ್ಣಮ್ಮ. ಆಮೇಲೆ ವಿಧಾನ ಹೇಳಿದರು. ಪಾಕಕ್ಕೆ ಚೂರು ಹಾಲು ಹಾಕಿ ಕೊಳೆ ತೆಗೆಯಬೇಕು, ಸೋಸಬೇಕು, ಸ್ವಲ್ಪಸ್ವಲ್ಪವೇ ಕುದಿಸಿ ಬೆಳ್ಳಗಾಗುವ ತನಕ ತಿರುವಿ ಹುಯ್ಯಬೇಕು. "ಎಲ್ಲಾ ಮರೆತ್ರೂ ಒಂದು ಮರೀಬೇಡ. ಅಚ್ಚು ನೀರಲ್ಲಿ ನೆಂದಿರ್ಬೇಕು. ಒಣಗಿದ್ರೆ ಕೆಟ್ಟೆ."

ಹಾಲಸ್ವಾಮಿ ಅದನ್ನೆಲ್ಲ ಒಂದು, ಎರಡು, ಮೂರು ಎಂದು ಕಚೇರಿಯ ಟಿಪ್ಪಣಿಯ ಹಾಗೆ ಬರೆದುಕೊಂಡು ಹನ್ನೊಂದು ಗಂಟೆಗೆ ಮನೆ ಸೇರಿದ. ಅಚ್ಚುಗಳನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಒಲೆಯ ಮೇಲೆ ಪಾಕವಿಟ್ಟ. ಎಲ್ಲ ನೆಟ್ಟಗೆ ನಡೆಯುತ್ತಿತ್ತು. ಅಷ್ಟರಲ್ಲಿ ಉಜ್ಜನಪ್ಪನವರು ಬಂದರು.

ಎದುರು ಮನೆಯ ಉಜ್ಜನಪ್ಪನವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಯಾರು ಏನು ಕುದಿಸಿದರೂ ಅವರಿಗೆ ವಾಸನೆ ಬರುತ್ತಿತ್ತು, ಬಂದಮೇಲೆ ಸಲಹೆ ಕೊಡದೆ ಹೋಗುವ ಪದ್ಧತಿ ಇರಲಿಲ್ಲ. ಅಡುಗೆಮನೆಗೇ ಬಂದು ಬಕೆಟ್ಟು ನೋಡಿ ಹೌಹಾರಿದರು.

"ಏನ್ರೀ ಹಾಲಸ್ವಾಮಿ, ಮೌಲ್ಡ್ ನೀರಲ್ಲಿ ಹಾಕಿದ್ದೀರಲ್ರೀ! ತಲೆ ನೆಟ್ಟಗಿದೆಯಾ?"

"ಸಣ್ಣಮ್ಮ ನೆನೆಸ್ಬೇಕು ಅಂದ್ರು."

"ಸಣ್ಣಮ್ಮನ ಮಾತು ಬಿಡ್ರೀ. ಮೂವತ್ತೊಂದು ವರ್ಷ ಎರಕ ಹುಯ್ದಿದ್ದೀನಿ ನಾನು. ಮೌಲ್ಡ್‌ನಲ್ಲಿ ಒಂದು ಹನಿ ನೀರಿದ್ರೂ ಢಮ್ ಅಂತ ಸಿಡಿಯುತ್ತೆ. ಮುಖ ಮೂತಿ ಏನೂ ಉಳಿಯಲ್ಲ. ಒಣಗಿಸ್ರೀ!"

ಮುಖ ಮೂತಿಯ ಮಾತು ಕೇಳಿ ಹಾಲಸ್ವಾಮಿ ಬಕೆಟ್ಟಿನಿಂದ ದೂರ ಸರಿದ. ಉಜ್ಜನಪ್ಪನವರು ಅವನು ಬಾಯಿಬಿಡುವ ಮೊದಲೇ ಅಚ್ಚುಗಳನ್ನೆತ್ತಿ, ಟವೆಲ್ಲಿನಿಂದ ಒರೆಸಿ, ತಾರಸಿಯ ಬಿಸಿಲಿಗೆ ಹರಡಿ ಬಂದರು. ಮುಕ್ಕಾಲು ಗಂಟೆಯಾದ ಮೇಲೆ, ಕಾದು ಖಣಖಣ ಅನ್ನುತ್ತಿದ್ದ ಅಚ್ಚುಗಳಿಗೆ ಇಬ್ಬರೂ ಸೇರಿ ಪಾಕ ಹುಯ್ದರು. ಉಜ್ಜನಪ್ಪನವರು ಕಣ್ಣು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಸಿಡಿಯಲಿಲ್ಲ.

"ನೋಡಿದ್ರಾ?" ಎಂದು ಮೀಸೆ ತಿರುವಿದರು.

ಸಿಡಿಯಲಿಲ್ಲ, ನಿಜ. ಬಿಡಲೂ ಇಲ್ಲ. ಸಕ್ಕರೆ ಮರಕ್ಕೆ ಕಚ್ಚಿಕೊಂಡು ಕೂತಿತು. ತಟ್ಟಿದರು, ಕುಟ್ಟಿದರು, ಉಜ್ಜನಪ್ಪನವರು ಮನೆಗೆ ಓಡಿಹೋಗಿ ಸ್ಕ್ರೂಡ್ರೈವರ್ ತಂದರು. ಅಂತೂ ಒಂದು ಕಿವಿ ಈಚೆ ಬಂತು, ಕುದುರೆ ಒಳಗೇ ಉಳಿಯಿತು.

"ಸಕ್ಕರೇನೇ ಸರಿ ಇಲ್ಲ ಕಣ್ರೀ. ನಮ್ಮ ಕಬ್ಬಿಣ ಆಗಿದ್ರೆ ಹೀಗಾಗ್ತಿರ್ಲಿಲ್ಲ" ಎಂದು ಉಜ್ಜನಪ್ಪನವರು ಸ್ಕ್ರೂಡ್ರೈವರ್ ಸಮೇತ ಊಟಕ್ಕೆ ಹೊರಟುಹೋದರು.

ಹಾಲಸ್ವಾಮಿ ಅಡುಗೆಮನೆಯ ನೆಲದ ಮೇಲೆ ಕುಳಿತ. ಅಳು ಬರುವಂತಾಗಿತ್ತು. ಹದಿನೆಂಟು ವರ್ಷ ಹಬ್ಬಹಬ್ಬಕ್ಕೆ ತಟ್ಟೆಯಲ್ಲಿ ಬಂದು ಕೂರುತ್ತಿದ್ದ ಅಚ್ಚುಗಳ ಹಿಂದೆ ಇಷ್ಟೆಲ್ಲ ಇದೆಯೆಂದು ಯಾರಾದರೂ ಒಂದು ಮಾತು ಹೇಳಬಾರದಿತ್ತೇ? ಹೇಳಿದ್ದಳು, ಪ್ರತಿವರ್ಷವೂ. ಅವನು ಪೇಪರ್ ಓದುತ್ತಿದ್ದ.

ಎದ್ದ. ಬಿಸಿನೀರಿನಲ್ಲಿ ಅಚ್ಚು ತೊಳೆದ, ನೆನೆಹಾಕಿದ, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದ. ಎರಡನೆಯ ಸಲ ತಿರುವುತ್ತ ತಿರುವುತ್ತ ಪಾಕ ಬಾಣಲೆಯಲ್ಲೇ ಗಟ್ಟಿಯಾಯಿತು. ಮೂರನೆಯ ಸಲ ಕೈಯ ಮೇಲೆ ಬಿದ್ದು ಹೆಬ್ಬೆರಳಿಗೆ ಬೊಬ್ಬೆ ಬಂತು. ನಾಲ್ಕನೆಯ ಸಲ, ಡಬ್ಬಿಯ ತಳದ ಸಕ್ಕರೆಯೂ ಮುಗಿಯುತ್ತ ಬಂದಾಗ, ಅಚ್ಚಿನ ರಬ್ಬರ್ ಬ್ಯಾಂಡ್ ಬಿಚ್ಚಿ ಮೆಲ್ಲನೆ ಬಿಡಿಸಿದರೆ, ಅಂಗೈಯ ಮೇಲೆ ಒಂದು ಕುದುರೆ ನಿಂತಿತ್ತು. ನಾಲ್ಕೂ ಕಾಲು, ಬಾಲ, ಎರಡು ಉದ್ದ ಕಿವಿ. ಒಂದಿಷ್ಟು ಕಂದು ಬಣ್ಣಕ್ಕೆ ತಿರುಗಿತ್ತು, ಅಷ್ಟೇ. ಹಾಲಸ್ವಾಮಿ ಅದನ್ನು ಹಿಡಿದುಕೊಂಡು ಖಾಲಿ ಮನೆಯಲ್ಲಿ ಒಬ್ಬನೇ ನಕ್ಕ.

ಉಳಿದ ಸಕ್ಕರೆಯನ್ನೂ ಹಾಗೇ ಹುಯ್ದು, ಐದೂವರೆಗೆ ಹನ್ನೆರಡು ಕುದುರೆಗಳ ತಟ್ಟೆಗೆ ಕರವಸ್ತ್ರ ಮುಚ್ಚಿಕೊಂಡು ಪಾರ್ಕಿಗೆ ಹೋದ. ಹೆಂಗಸರು ಕಬ್ಬಿನ ಜಲ್ಲೆಯ ಕಮಾನು ಕಟ್ಟಿ, ಬಣ್ಣದ ಕಾಗದದ ಹೂವು ಇಳಿಬಿಟ್ಟು, ಪಾರ್ಕನ್ನು ಮದುವೆ ಮಂಟಪ ಮಾಡಿದ್ದರು. ಉದ್ದ ಮೇಜಿನ ಮೇಲೆ ಒಂಬತ್ತು ತಟ್ಟೆಗಳು ಸಾಲಾಗಿ ಕೂತವು. ಜಗದಾಂಬಾ ಸಂಘದವರ ನಡುವೆ ನಿಂತು ಗಂಡನ ಕಡೆ ನೋಡಿದಳು. ಹಾಲಸ್ವಾಮಿ ಎದೆ ಮುಂದೆ ಮಾಡಿದ.

ಸರಸ್ವತಿಯವರು ಮಲ್ಲಿಕ್‌ನ ತಟ್ಟೆಯ ವಸ್ತ್ರ ತೆಗೆದರು. ಬೆಳ್ಳನೆಯ ಕುದುರೆಗಳು, ಮೊಲದ ಕಿವಿಯವು. "ಚೆನ್ನಾಗಿದೆ" ಅಂದರು. ಮೂಲೆ ಮನೆಯ ಮುರಳಿಯ ತಟ್ಟೆಯದೂ ತೆಗೆದರು. ಅಲ್ಲೂ ಮೊಲದ ಕಿವಿಯ ಕುದುರೆ. ಮೂರನೆಯದು ಉಜ್ಜನಪ್ಪನವರದು. ಅದೇ ಕುದುರೆ. ಸರಸ್ವತಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ನಾಲ್ಕು, ಐದು, ಆರು, ಏಳು, ಎಂಟು. ಮೇಜಿನ ಮೇಲೆ ಒಂದು ಲಾಯವೇ ನೆರೆದಿತ್ತು. ಹಾಲಸ್ವಾಮಿಯ ಮುಖ ಇಳಿಯುತ್ತ ಬಂತು. ಕಡೆಗೆ ಅವನ ಕರವಸ್ತ್ರವೂ ಮೇಲೆದ್ದಾಗ, ಇಳಿಬಿಸಿಲಿನಲ್ಲಿ ಕುದುರೆಗಳ ಕಂದು ಬಣ್ಣ ಯಾರ ಕಣ್ಣಿಗೂ ಬೀಳದೆ, ಪಾರ್ಕಿಗೆ ಪಾರ್ಕೇ ಗೊಳ್ಳೆಂದಿತು.

"ಯಾವ ಅಂಗಡಿ?" ಅಂದರು ಸರಸ್ವತಿಯವರು.

ಮೂವತ್ತೆರಡು ವರ್ಷದ ಆ ದನಿಗೆ ಮಲ್ಲಿಕ್ ಮೊದಲು ತಲೆ ಬಾಗಿಸಿದ. "ತಪ್ಪಾಯ್ತು ಮೇಡಂ. ಭದ್ರಾವತಿ ಸಣ್ಣಮ್ಮನ ಹತ್ರ ತಂದಿದ್ದು. ನಾವು ಗಂಡಸರೆಲ್ಲ ಫೋನಲ್ಲಿ ಒಂದು ಗ್ರೂಪ್ ಮಾಡ್ಕೊಂಡಿದ್ವಿ, ಅದರಲ್ಲಿ ಅಡ್ರೆಸ್ ಬಂತು." ಉಳಿದ ಏಳು ಮಂದಿಯೂ ಕೈಕಟ್ಟಿ ತಪ್ಪಾಯ್ತು ಅಂದರು.

"ನಂದು ಮನೇಲೇ ಮಾಡಿದ್ದು!" ಹಾಲಸ್ವಾಮಿ ಕೂಗಿದ. "ಅಚ್ಚು ಮಾತ್ರ ಸಣ್ಣಮ್ಮನ ಹತ್ರ ತಂದೆ. ಬೇಕಾದ್ರೆ ಅವರನ್ನೇ ಕೇಳಿ!"

"ನೋಡಿ, ಅಲ್ಲಿಗೆ ಹೋಗಿದ್ದು ಅವರೇ ಒಪ್ಕೊಂಡ್ರು" ಅಂದ ಮಲ್ಲಿಕ್.

"ಅಚ್ಚು ಮನೇಲಿದೆ, ತಂದು ತೋರಿಸ್ತೀನಿ!"

"ಪುಸ್ತಕ ಇದ್ದವರೆಲ್ಲ ಪಾಠ ಓದಿರಲ್ಲ ಹಾಲಸ್ವಾಮಿ" ಅಂದರು ಸರಸ್ವತಿಯವರು.

"ಉಜ್ಜನಪ್ಪನೋರೇ, ನೀವೇ ಇದ್ರಲ್ಲ! ಹೇಳ್ರೀ!"

ಉಜ್ಜನಪ್ಪನವರು ಸುಳ್ಳು ಹೇಳುವವರಲ್ಲ. "ಇದ್ದೆ. ಮಧ್ಯಾಹ್ನ ಪಾಕ ಹುಯ್ದಿದ್ದು ನಿಜ. ಒಂದು ಕಿವಿ ಬಿಟ್ರೆ ಏನೂ ಈಚೆ ಬಂದಿರ್ಲಿಲ್ಲ. ಆಮೇಲೆ ಬಾಗಿಲಿಗೆ ಚಿಲಕ ಹಾಕ್ಕೊಂಡ್ರು. ಒಳಗೇನು ನಡೀತೋ ನಾ ಕಾಣೆ" ಅಂದರು.

ಹಾಲಸ್ವಾಮಿ ಹೆಬ್ಬೆರಳಿನ ಬೊಬ್ಬೆ ತೋರಿಸಿದ. ಬೈಕಿನ ಸೈಲೆನ್ಸರ್ ತಗುಲಿರಬೇಕು ಎಂದು ಯಾರೋ ಹಿಂದಿನಿಂದ ಹೇಳಿದರು. ಅವನು ಕೊನೆಯದಾಗಿ ಹೆಂಡತಿಯ ಕಡೆ ನೋಡಿದ. ಜಗದಾಂಬಾ ಅವನ ತಟ್ಟೆಯಿಂದ ಒಂದು ಕುದುರೆ ಎತ್ತಿ, ತಿರುಗಿಸಿ ನೋಡಿ, ಕಿವಿಯ ತುದಿ ಕಚ್ಚಿದಳು. ಏನೋ ಹೇಳುವವಳಂತೆ ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು.

"ಎಂಟು ಜನ ತಪ್ಪು ಒಪ್ಕೊಂಡ್ರು, ಅವರಿಗೆ ಕ್ಷಮೆ" ಎಂದು ಸರಸ್ವತಿಯವರು ತೀರ್ಪು ಕೊಟ್ಟರು. "ಒಬ್ಬರು ಮಾತ್ರ ಕೊನೇ ತನಕ ವಾದ ಮಾಡ್ತಿದ್ದಾರೆ. ಮುಂದಿನ ಸಂಕ್ರಾಂತಿಗೆ ಇಡೀ ಬೀದಿಯ ಅಚ್ಚು ಹಾಲಸ್ವಾಮಿಯವರೇ ಹುಯ್ಯಬೇಕು. ನಮ್ಮ ಕಣ್ಣೆದುರಿಗೇ."

ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ್ದು ಜಗದಾಂಬಾ.

ಮನೆಗೆ ಬಂದ ಹಾಲಸ್ವಾಮಿ ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದ. ಇಡೀ ಬೀದಿಯಲ್ಲಿ ಹೇಳಿದ ಹಾಗೆ ನಡೆದವನು ತಾನೊಬ್ಬನೇ, ದಂಡವೂ ತನಗೊಬ್ಬನಿಗೇ. ಜಗದಾಂಬಾ ಮುಲಾಮು ತಂದು ಪಕ್ಕದಲ್ಲಿ ಕೂತು, ಅವನ ಹೆಬ್ಬೆರಳು ಹಿಡಿದು ಮೆತ್ತಗೆ ಸವರಿದಳು.

"ನೀವೇ ಮಾಡಿದ್ದು ಅಂತ ಗೊತ್ತು ರೀ."

ಹಾಲಸ್ವಾಮಿ ತಲೆಯೆತ್ತಿದ. "ಹೇಗೆ?"

"ಕಿವಿ ಕಚ್ಚಿದ ತಕ್ಷಣ ಗೊತ್ತಾಯ್ತು. ಮಾರೋರು ಯಾರಾದ್ರೂ ಪಾಕ ಇಷ್ಟು ಸೀಯಿಸ್ತಾರಾ? ತುಂಬಾ ಕಷ್ಟಪಟ್ಟಿದ್ದೀರಿ, ಪಾಪ."

"ಮತ್ತೆ ಅಲ್ಲೇ ಹೇಳಬಾರದಿತ್ತೇನೇ? ಒಂದು ಮಾತು ಸಾಕಾಗಿತ್ತಲ್ಲೇ!"

"ಹೇಳೋಣ ಅಂತಾನೇ ಬಾಯಿ ತೆಗೆದೆ. ಆಗ ನೆನಪಾಯ್ತು." ಜಗದಾಂಬಾ ಮುಲಾಮಿನ ಮುಚ್ಚಳ ತಿರುಗಿಸಿದಳು. "ಮುಂದಿನ ವರ್ಷದಿಂದ ಮನೆಗೊಬ್ಬರು ಮಾಡೋ ಬದಲು ಒಬ್ಬೊಬ್ಬರೇ ಸರದಿ ಮೇಲೆ ಇಡೀ ಬೀದಿಗೆ ಅಚ್ಚು ಹುಯ್ಯೋದು ಅಂತ ಸಂಘದಲ್ಲಿ ಇವತ್ತು ಮಧ್ಯಾಹ್ನ ಚೀಟಿ ಎತ್ತಿದ್ವಿ. ಮೊದಲ ಚೀಟಿ ನನ್ನದೇ ಬಂದಿತ್ತು ರೀ."

ಜಗದಾಂಬಾ ಪಾರ್ಕಿನಿಂದ ವಾಪಸು ತಂದಿದ್ದ ತಟ್ಟೆಯಿಂದ ಇನ್ನೊಂದು ಕುದುರೆ ತೆಗೆದು, ತಲೆ ಮುರಿದು ಬಾಯಿಗೆ ಹಾಕಿಕೊಂಡಳು.

"ಪಾಕ ಒಂದು ಚೂರು ಕಡಿಮೆ ಕುದಿಸಿ" ಅಂದಳು. "ಇನ್ನೊಂದು ವರ್ಷ ಟೈಮಿದೆಯಲ್ಲ, ಕೈ ಕೂರುತ್ತೆ."