ಎಕಾರದ ವ್ರತ

ಕನ್ನಡ ನಾಡು ಒಂದಾಗಿದೆ, ಇನ್ನು ನನ್ನ ನಾಲಿಗೆಯೂ ಅದಕ್ಕೆ ತಕ್ಕಂತೆ ಆಗಬೇಕೆಂದು ಒಂದು ಸೋಮವಾರ ಭೀಷ್ಮಪ್ರತಿಜ್ಞೆ ಮಾಡಿದೆ. ವಿಜಾಪುರದ ಒಂದು ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತ. ಮೈಸೂರಿನಿಂದ ವರ್ಗವಾಗಿ ಬಂದ ಸಾಹೇಬರು ಹಳ್ಳಿ ತಿರುಗಾಟಕ್ಕೆ ಜೊತೆಗೊಬ್ಬನನ್ನು ಆರಿಸುವವರಿದ್ದರು. ಆಯ್ಕೆಯಾದವನ ನೌಕರಿ ಖಾಯಂ. ಅವರ ಬಾಯಲ್ಲಿ ಮನೆ, ಶಾಲೆ, ಎಮ್ಮೆ ಎಲ್ಲವೂ ಎಕಾರದಲ್ಲಿ ನೆಟ್ಟಗೆ ನಿಲ್ಲುತ್ತಿದ್ದವು. ನಮ್ಮಲ್ಲಿ ಮನಿ, ಸಾಲಿ, ಎಮ್ಮಿ. ಹೀಗೆ ಇಕಾರಕ್ಕೆ ಜಾರಿ ಬೀಳುವ ನಾಲಿಗೆಯನ್ನು ನಂಬಿ ಯಾರು ಖಾಯಂ ಮಾಡಿಯಾರು?

ಅಭ್ಯಾಸ ಮನೆಯಿಂದಲೇ ಶುರುವಾಯಿತು.

“ಸತ್ಯವ್ವ, ಒಲೆಯ ಮೇಲೆ ಏನಿದೆ? ಬೇಳೆ ಬೆಂದಿದೆಯೇ?” ಎಂದೆ.

ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. “ಯಾರ ಜೋಡಿ ಮಾತಾಡಾಕತ್ತೀರಿ?”

“ನಿನ್ನೊಡನೆಯೇ.”

“ಅತ್ತೀ, ಸ್ವಲ್ಪ ಇಲ್ಲೆ ಬರ್ರಿ. ಇವರಿಗೆ ಏನೋ ಆಗೇತಿ.”

ಅವ್ವ ಬಂದು ಹಣೆ ಮುಟ್ಟಿದಳು. “ಜ್ವರ ಇಲ್ಲ. ಲೇ ದಶರಥಾ, ನಿನ್ನಿ ಸಂಜೀಕ ಇಟ್ಟಂಗಿಹಾಳದ ಹಾದ್ಯಾಗ ಹುಣಸಿ ಗಿಡದ ಬುಡಕ ನಿಂತಿದ್ದೇನು?”

“ಸೈಕಲ್ಲಿನ ಗಾಳಿ ಹೋಗಿತ್ತಮ್ಮಾ, ನಿಂತಿದ್ದೆ.”

“ಅದರ ಗಾಳಿ ಹೋತು, ನಿನಗ ಬಡೀತು. ಅವ್ವ ಅಂತಿದ್ದಾಂವ ಅಮ್ಮಾ ಅನ್ನಾಕತ್ಯಾನ. ಇದ್ಯಾವುದೋ ದೂರದೂರಿನ ದೆವ್ವ ಐತಿ.”

ಗಾಳಿ ಬಡಿದರೆ ನಮ್ಮಲ್ಲಿ ಮದ್ದು ಒಂದೇ. ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿ, ಆ ಹೊಗೆಯನ್ನು ಮುಖಕ್ಕೆ ಹಿಡಿಯುವುದು.

“ಇದು ಮೂಢನಂಬಿಕೆ” ಎಂದೆ. ಅದೂ ಎಕಾರದಲ್ಲೇ ಮುಗಿದದ್ದರಿಂದ ಅವ್ವ ಇನ್ನೊಂದು ಹಿಡಿ ಮೆಣಸಿನಕಾಯಿ ಸುರಿದಳು.

ಅದೇ ಹೊತ್ತಿಗೆ ಬಾಗಿಲಲ್ಲಿ ಸಾಹೇಬರು! ಮೂಗಿಗೆ ಕರವಸ್ತ್ರ ಹಿಡಿದು ಒಳಬಂದರು.

“ದಶರಥ ಅವರ ಮನೆ ಇದೇ ತಾನೆ? ನಾಳೆ ಹೊನವಾಡದ ಬಾವಿಗಳನ್ನು ನೋಡಬೇಕಾಗಿದೆ. ನನ್ನ ಮಾತು ಹಳ್ಳಿಯವರಿಗೆ ತಿಳಿಯುವುದಿಲ್ಲ, ಅವರದು ನನಗೆ. ಊರ ಮಾತು ಬಲ್ಲವರೊಬ್ಬರು ಜೊತೆಗೆ ಬೇಕಾಗಿದೆ.”

ಅವ್ವ ಸೊಸೆಯ ಮುಖ ನೋಡಿದಳು. “ಪಾಪ, ಇವರಿಗೂ ಅದಽ ಬಡದೈತಿ. ಕುರ್ಚಿ ಹಾಕ ಸತ್ಯವ್ವಾ.”

‘ಇವರು ನಮ್ಮ ಸಾಹೇಬರು’ ಎನ್ನಲು ಬಾಯಿ ತೆರೆದೆ, ಕೆಮ್ಮು ಬಂತು. ಕೆಂಡದ ಪಾತ್ರೆ ಆಗಲೇ ಸಾಹೇಬರ ಮುಖದ ಸುತ್ತ ಪ್ರದಕ್ಷಿಣೆ ಹಾಕುತ್ತಿತ್ತು. ಅವರು ಕಣ್ಣೀರು ಸುರಿಸುತ್ತ ಕೈ ಮುಗಿದರು. ಕಚೇರಿಯಲ್ಲಿ ಕಿವಿಗೆ ಬಿದ್ದಿದ್ದ ನಮ್ಮ ಮಾತು ತಾನಾಗಿ ಬಾಯಿಗೆ ಬಂತು.

“ಸಾಕ್ರಿ ಅವ್ವಾ, ಸಾಕ್ರಿ. ಹೊಗಿ ಭಾಳ ಆತ್ರಿ.”

“ನೋಡಿದೇನು?” ಅವ್ವ ನನ್ನತ್ತ ತಿರುಗಿದಳು. “ಅವರದು ಒಂದಽ ಹೊಗಿಗೆ ಇಳೀತು. ನಿಂದು ಹಟಮಾರಿ ದೆವ್ವ.”

ಸಾಹೇಬರು ಕಣ್ಣೊರೆಸಿಕೊಂಡು, “ನಾಳೆ ನನ್ನ ಜೊತೆ ಯಾರು ಬರಬೇಕೆಂಬುದು ಗೊತ್ತಾಯಿತು” ಎಂದರು. ನಾನು ಕಾಲರು ಸರಿಮಾಡಿಕೊಂಡೆ. ಅವರು ನೋಡುತ್ತಿದ್ದುದು ಅವ್ವನನ್ನು. “ನೀವು ಬರ್ರಿ, ಅವ್ವಾ. ಮಗನನ್ನೂ ಕರೆದುಕೊಂಡು ಬರ್ರಿ, ಖಾಯಂ ಮಾಡೋಣ.”

ಮರುದಿನ ಜೀಪಿನಲ್ಲಿ ಮುಂದೆ ಅವ್ವ, ಹಿಂದೆ ಅಳತೆಯ ಸರಪಳಿಗಳ ನಡುವೆ ನಾನು. ಹೊನವಾಡದ ಬಾವಿಯ ಹತ್ತಿರ ಹಿರಿಯರೊಬ್ಬರು ನನ್ನ ಕಡೆ ಕೈಮಾಡಿ, “ಇವರು ಯಾವ ಸಾಹೇಬರ್ರೀ?” ಎಂದು ಕೇಳಿದರು.

“ನನ್ನ ಮಗ ಅದಾನ್ರಿ,” ಎಂದಳು ಅವ್ವ. “ಈಗ ಆರಾಮ ಆಗಾಕತ್ಯಾನ. ಭಾಳ ಮಾತಾಡಸಬ್ಯಾಡ್ರಿ.”