ನಮ್ಮ ರಸ್ತೆಯಲ್ಲಿ ಕಮ್ಮಿ ಬಿದ್ದ ಒಂದು ತಲೆ

ಕುರ್ಚಿಯ ಆಸೆ ನನಗಿಲ್ಲ ಎಂದು ನಾಲ್ಕು ಜನರ ಮುಂದೆ ಹೇಳಿದಾಗಲೆಲ್ಲ ನನ್ನ ಹೆಂಡತಿ ವತ್ಸಲಾಗೆ ಕೆಮ್ಮು ಬರುತ್ತದೆ. ಕುರ್ಚಿ ಎಂದರೆ ವಿಧಾನಸಭೆಯದ್ದೇನಲ್ಲ. ಮಲ್ಲೇಶ್ವರಂನಲ್ಲಿ ನಮ್ಮ ನಾಲ್ಕು ಅಡ್ಡರಸ್ತೆಗಳು ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಅದಕ್ಕೊಂದು ಸಮಿತಿ. ತಿಂಗಳಿಗೊಂದು ಭಾನುವಾರ ಸಭೆ. ಕಸದ ಆಟೊ ಯಾರ ಗೇಟಿನ ಮುಂದೆ ನಿಲ್ಲಬೇಕು, ಗಣೇಶನನ್ನು ಯಾವ ರಸ್ತೆಯಲ್ಲಿ ಕೂರಿಸಬೇಕು ಎಂಬಂಥ ರಾಷ್ಟ್ರೀಯ ಸಮಸ್ಯೆಗಳನ್ನು ಚರ್ಚಿಸಿ, ಖಾರಾಬಾತ್ ತಿಂದು, ಏನನ್ನೂ ತೀರ್ಮಾನಿಸದೆ ಮನೆಗೆ ಬರುತ್ತೇವೆ. ಐವತ್ತು ತಲೆಗೆ ಒಬ್ಬ ಸದಸ್ಯ ಎಂಬುದು ಸಂಘದ ನಿಯಮ. ನಮ್ಮ ರಸ್ತೆಗೆ ಮೊದಲಿನಿಂದಲೂ ಇಬ್ಬರು. ಒಬ್ಬರು ಡಾಕ್ಟರು. ರಸ್ತೆಯವರೆಲ್ಲರ ಬಿಪಿ ಅವರ ಕೈಯಲ್ಲಿರುವುದರಿಂದ ಅವರನ್ನು ಸೋಲಿಸುವ ಧೈರ್ಯ ಯಾರಿಗೂ ಇಲ್ಲ. ಇನ್ನೊಬ್ಬ ನಾನು. ಎದುರಿಗೆ ಯಾರೂ ನಿಲ್ಲದ ಕಾರಣ ನಾನೂ ಸೋತಿರಲಿಲ್ಲ.

ಈ ವರ್ಷ ಹೊಸದಾಗಿ ತಲೆ ಎಣಿಸಿದರು. ಎಣಿಸಿದವರು ಪಕ್ಕದ ರಸ್ತೆಯ ನಾಗರಾಜ್, ಸಂಘದ ಕಾರ್ಯದರ್ಶಿ. ಅವರ ರಸ್ತೆಗೆ ಸರಿಯಾಗಿ ನೂರೈವತ್ತು ಬಂತು, ನಮ್ಮ ರಸ್ತೆಗೆ ತೊಂಬತ್ತೊಂಬತ್ತು. "ಏನ್ಮಾಡೋದು ಮೇಷ್ಟ್ರೇ, ಒಂದು ತಲೆ ಕಮ್ಮಿ ಬಿತ್ತು. ರೂಲ್ಸ್ ಅಂದ್ರೆ ರೂಲ್ಸು. ನಿಮ್ಮ ರಸ್ತೆಗೆ ಇನ್ಮೇಲೆ ಒಂದೇ ಸೀಟು" ಎಂದರು. ಆ ದಿನ ನನಗೆ ಊಟ ಸೇರಲಿಲ್ಲ. ಮಾರನೆಯ ಬೆಳಿಗ್ಗೆ ಪೇಪರಿನಲ್ಲಿ ಯಾವುದೋ ರಾಜ್ಯದ ಸುದ್ದಿ ಕಣ್ಣಿಗೆ ಬಿತ್ತು. ಜನಗಣತಿಯಲ್ಲಿ ನಮ್ಮವರನ್ನು ಕಮ್ಮಿ ಎಣಿಸಿದ್ದಾರೆ, ಹೀಗಾದರೆ ಶಾಸನಸಭೆಯಲ್ಲಿ ನಮ್ಮ ಸ್ಥಾನಗಳು ಕೈತಪ್ಪುತ್ತವೆ ಎಂದು ಆ ರಾಜ್ಯ ಕೋರ್ಟಿಗೆ ಹೋಗಿತ್ತು. "ನೋಡಿದೆಯಾ? ಒಂದು ರಾಜ್ಯಾನೇ ಸುಮ್ನೆ ಕೂತಿಲ್ಲ" ಎಂದೆ. "ಆ ರಾಜ್ಯಕ್ಕೆ ಬೇರೆ ಕೆಲಸ ಇರಲ್ವೇನೋ. ನೀವು ಹುರುಳಿಕಾಯಿ ಸೋಸಿಕೊಡಿ" ಎಂದಳು ವತ್ಸಲಾ.

ಹುರುಳಿಕಾಯಿ ಸೋಸುತ್ತಲೇ ನಿರ್ಧಾರ ಮಾಡಿದೆ: ಮರುಎಣಿಕೆ. ಎಣಿಸುವ ಕೆಲಸ ನನಗೆ ಹೊಸದಲ್ಲ. ಹೈಸ್ಕೂಲು ಮೇಷ್ಟ್ರಾಗಿದ್ದಾಗ ಜನಗಣತಿಗೆಂದು ಉಪ್ಪಾರಪೇಟೆ ಸುತ್ತಿದವನು ನಾನು. ಅಲ್ಲೊಂದು ಮನೆಯಲ್ಲಿ ಬಾಯ್ತುಂಬ ಮುದ್ದೆ ಇಟ್ಟುಕೊಂಡೇ ಒಬ್ಬರು, "ನಾವಿಲ್ಲಿ ಇರೋದೇ ಇಲ್ಲ ಸಾರ್" ಎಂದಿದ್ದರು. ಜನ ಎಲ್ಲಿರುತ್ತಾರೋ ಅಲ್ಲಿ ಇದ್ದೇವೆಂದು ಒಪ್ಪಿಕೊಳ್ಳುವುದಿಲ್ಲ ಎಂಬುದು ಅಂದು ನಾನು ಕಲಿತ ಪಾಠ. ಆ ಪಾಠ ನಿಜವಾದದ್ದು ನಾಲ್ಕನೆಯ ಮನೆಯಲ್ಲಿ.

"ನಾನು, ನಮ್ಮೆಜಮಾನ್ರು, ಇಬ್ಬರೇ ಮೇಷ್ಟ್ರೇ" ಎಂದರು ಶಾರದಮ್ಮ. ಹಾಗೆನ್ನುವಾಗಲೇ ಒಳಗಿನಿಂದ ಒಂದು ಮಗು ತಪ್ಪುಹೆಜ್ಜೆ ಇಡುತ್ತ ಬಂದು ನನ್ನ ಪಂಚೆ ಹಿಡಿದು ನಿಂತಿತು. ಹಿಂದೆಯೇ ಬಟ್ಟಲು ಹಿಡಿದು ಅವರ ಮಗಳು ಪಲ್ಲವಿ ಬಂದಳು.

"ಇವರು?" ಎಂದೆ.

"ಅಯ್ಯೋ, ಅವಳು ಬಾಣಂತನಕ್ಕೆ ಬಂದಿರೋದಲ್ವಾ? ಇವತ್ತೋ ನಾಳೆಯೋ ಹೊರಟುಬಿಡ್ತಾಳೆ."

ಬಾಣಂತನದ ಮಗು ಅಷ್ಟರಲ್ಲಿ ನನ್ನ ಪೆನ್ನು ಕಿತ್ತುಕೊಂಡು ನಾಲ್ಕು ಹಲ್ಲಿನಿಂದ ಕಚ್ಚುತ್ತಿತ್ತು. ಪಲ್ಲವಿ ಪಾಠ ಮಾಡುವ ಕಾಲೇಜು ಇಲ್ಲೇ ನಡೆದು ಹೋಗುವಷ್ಟು ಹತ್ತಿರ. ಕುಮಾರ ಪಾರ್ಕಿನ ಗಂಡನ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ. ಗಂಡ ವಾರಕ್ಕೆರಡು ಸಲ ಬಂದು ಹೋಗುತ್ತಾನೆ. ಎಲ್ಲವೂ ಸುಖವಾಗಿಯೇ ಇದೆ. "ಅಲ್ಲಿನ ಸಂಘದವರೂ ಪಟ್ಟಿ ಮಾಡಿದ್ರಂತೆ ಅಂಕಲ್. ನಮ್ಮತ್ತೆ, ಸೊಸೆ ತವರಲ್ಲಿದಾಳೆ ಅಂತ ಹೇಳಿ ಕಳಿಸಿದ್ರು. ಇಲ್ಲಿ ಅಮ್ಮ, ನಾನು ಗಂಡನ ಮನೆಯವಳು ಅಂತಾಳೆ. ಎರಡು ಮನೇಲೂ ನನಗೆ ತಟ್ಟೆ ಇಡ್ತಾರೆ, ಹೆಸರು ಮಾತ್ರ ಎಲ್ಲೂ ಇಲ್ಲ" ಎಂದು ನಕ್ಕಳು. ಆದರೆ ಆ ನಗು ಪೂರ್ತಿ ನಗುವಾಗಿರಲಿಲ್ಲ.

ಶಾರದಮ್ಮ ದನಿ ತಗ್ಗಿಸಿದರು. "ಬರೆಸಿಬಿಟ್ರೆ ಮಗಳು ಗಂಡನ್ನ ಬಿಟ್ಟು ಬಂದಿದಾಳೆ ಅಂದ್ಕೊಳ್ಳಲ್ವಾ ಜನ?"

"ಅಮ್ಮಾ, ನಾನೇನು ಜಗಳ ಆಡಿಕೊಂಡು ಬಂದಿದೀನಾ? ಇರೋದನ್ನ ಇದೆ ಅಂತ ಬರೆಸೋಕೆ ಏನು ಭಯ?"

ನನಗೆ ನಾಚಿಕೆಯಾಯಿತು. ನಾನು ಹುಡುಕಿಕೊಂಡು ಬಂದದ್ದು ನನ್ನ ಸೀಟನ್ನು. ಸಿಕ್ಕಿದ್ದು ಒಂದು ವರ್ಷದಿಂದ ಎರಡು ಮನೆಗಳ ನಡುವೆ ಲೆಕ್ಕ ತಪ್ಪಿ ನಿಂತಿದ್ದ ಹುಡುಗಿ. ನಾಚಿಕೆಪಡುತ್ತಲೇ ಎರಡು ತಲೆ ಬರೆದುಕೊಂಡೆ. ಒಟ್ಟು ನೂರಾ ಒಂದು.

ಆ ಭಾನುವಾರದ ಸಭೆ ಹೊಸ ಸಮಿತಿಯ ಆಯ್ಕೆಗೆ, ಹಾಗಾಗಿ ರಸ್ತೆಯವರೆಲ್ಲ ಸೇರಿದ್ದರು. ಪಲ್ಲವಿಯೂ ಮಗುವನ್ನು ಎತ್ತಿಕೊಂಡು ತಾನೇ ಬಂದಳು. ನಾಗರಾಜ್, "ಮದುವೆ ಆದ್ಮೇಲೆ ಹೆಣ್ಮಕ್ಕಳದು ಗಂಡನ ಮನೆ ವಿಳಾಸ ಅಲ್ವೇನಮ್ಮಾ?" ಎಂದು ರಾಗ ಎಳೆದರು. "ಸಾರ್, ದಿನಾ ಬೆಳಿಗ್ಗೆ ನಮ್ಮನೆ ಕಸ ತಂದು ಹಾಕೋದು ಯಾರು ಅಂತ ಆಟೊದವರನ್ನ ಕೇಳಿ. ವರ್ಷದಿಂದ ಹಸಿ ಕಸ ಬೇರೆ, ಒಣ ಕಸ ಬೇರೆ ಅಂತ ಅವರ ಹತ್ರ ಬೈಸಿಕೊಳ್ತಾ ಇರೋಳು ನಾನು. ಈ ರಸ್ತೆಯವಳಾಗೋಕೆ ಇನ್ನೇನು ಬೇಕು?" ಎಂದಳು. ಸಭೆ ಗೊಳ್ಳೆಂದಿತು. ಮೂಲೆಯಲ್ಲಿ ಕೂತಿದ್ದ ಶಾರದಮ್ಮನೂ ನಕ್ಕರು. ನಾಗರಾಜ್ ಪಟ್ಟಿ ತಿದ್ದಿದರು. ಕಳೆದುಹೋಗಿದ್ದ ಎರಡನೆಯ ಸೀಟು ನಮ್ಮ ರಸ್ತೆಗೆ ವಾಪಸ್ಸು ಬಂತು!

ಆಗಲೇ ಡಾಕ್ಟರು ಎದ್ದು, "ಇಷ್ಟು ಚೆನ್ನಾಗಿ ಮಾತಾಡ್ತಾಳಲ್ಲ, ಆ ಸೀಟಿಗೆ ಪಲ್ಲವೀನೇ ಯಾಕೆ ನಿಲ್ಲಬಾರದು?" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಮ್ಮಸ್ಸಿನಲ್ಲಿ ನಾನೂ ತಟ್ಟಿದೆ. ಯಾವ ಸೀಟಿನ ಮಾತು ಎಂದು ಹೊಳೆಯುವ ಹೊತ್ತಿಗೆ ಚೀಟಿ ಹಂಚಿ ಆಗಿತ್ತು. ನನಗೆ ಬಿದ್ದದ್ದು ಎರಡು ಮತ. ಉಳಿದದ್ದೆಲ್ಲ ಅವಳಿಗೆ.

ಎರಡಾದರೇನು, ಕಷ್ಟಕಾಲಕ್ಕೆ ಕೈಹಿಡಿದವಳೇ ಆಗುವುದು ಎಂದು ದಾರಿಯಲ್ಲಿ ವತ್ಸಲಾಗೆ ಥ್ಯಾಂಕ್ಸ್ ಹೇಳಿದೆ. "ನಾನು ಆ ಹುಡುಗಿಗೆ ಹಾಕಿದೆ ಕಣ್ರೀ" ಎಂದಳು, ಒಂದಿಷ್ಟೂ ಅಳುಕದೆ.

ಸಂಜೆ ಪಲ್ಲವಿ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ತಂದಳು. "ಅಂಕಲ್, ನಾನು ನಿಮಗೇ ಹಾಕಿದ್ದು. ನನ್ನನ್ನ ಲೆಕ್ಕಕ್ಕೆ ತಗೊಂಡೋರು ನೀವೇ ಅಲ್ವಾ?" ಎಂದಳು. ನನ್ನ ಕಣ್ಣು ತುಂಬಿ ಬಂತು. ಸೋತದ್ದಕ್ಕೆ ಬೇಸರವೇ ಉಳಿಯಲಿಲ್ಲ. ಆ ಉದಾರ ಗಳಿಗೆಯಲ್ಲಿ, "ನಾನೂ ನಿನಗೇ ಹಾಕಿದ್ದು ಕಣಮ್ಮಾ" ಎಂದುಬಿಟ್ಟೆ.

ಪಲ್ಲವಿ ಒಂದು ಕ್ಷಣ ಯೋಚಿಸಿದಳು. "ಹಾಗಾದ್ರೆ ನಿಮಗೆ ಬಿದ್ದ ಇನ್ನೊಂದು ಮತ ಯಾರದು ಅಂಕಲ್?"

"ಎಣಿಕೆಯಲ್ಲಿ ಎಲ್ಲೋ ತಪ್ಪಾಗಿರಬೇಕಮ್ಮಾ" ಎಂದೆ.