ಗುಂಡನ ನಾಡಿ

ಒಂಬತ್ತು ತಿಂಗಳ ಗುಂಡನ ಎದೆಯಲ್ಲಿ ಡಾಕ್ಟರಮ್ಮನಿಗೆ ಸುಯ್ ಎಂದು ಏನೋ ಕೇಳಿಸಿದ ದಿನದಿಂದ ಅವನ ತಾಯಿಗೆ, ಅಂದರೆ ಮನೆಯ ಸೊಸೆಗೆ, ಒಂದೇ ದೂರು: ಈ ಮನೆಯಲ್ಲಿ ತನ್ನನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಗಾಬರಿಯಾಗಲು ಬರುವುದಿಲ್ಲ. ಎಳೆಯ ಮಕ್ಕಳಲ್ಲಿ ಹೀಗೆ ಕೇಳಿಸುವುದುಂಟು, ತಿಂಗಳು ಬಿಟ್ಟು ಕರೆತನ್ನಿ ಎಂದಿದ್ದರು ಡಾಕ್ಟರಮ್ಮ. (ತಿಂಗಳೆಂದರೆ ಮೂವತ್ತು ದಿನ ಎಂಬುದು ಅವರಿಗೆ ಗೊತ್ತಿದ್ದಂತಿರಲಿಲ್ಲ.)

ಗಂಡ ನೀರಿನ ಪಂಪು ರಿಪೇರಿ ಮಾಡುವವನು. ಕ್ಲಿನಿಕ್ಕಿನ ಗೋಡೆಯ ಚಿತ್ರವನ್ನು ಬಾಯಿಪಾಠ ಮಾಡಿಕೊಂಡು ಬಂದು ಸಮಾಧಾನ ಹೇಳಲು ಕೂತ. ಹೃದಯವೂ ಒಂದು ಪಂಪೇ. ನಾಲ್ಕು ಕೋಣೆ, ಮೇಲಿನೆರಡು ರಕ್ತವನ್ನು ಬರಮಾಡಿಕೊಳ್ಳುತ್ತವೆ, ಕೆಳಗಿನೆರಡು ಹೊರಗೆ ದಬ್ಬುತ್ತವೆ. ಬಲಗಡೆಯದು ಶ್ವಾಸಕೋಶಕ್ಕೆ ಅಟ್ಟಿ ಗಾಳಿ ತುಂಬಿಸಿಕೊಂಡು ಬಾ ಎನ್ನುತ್ತದೆ, ಎಡಗಡೆಯದು ಮೈಯೆಲ್ಲ ಹಂಚಿ ಬಾ ಎನ್ನುತ್ತದೆ. ಹೋಗುವ ಪೈಪು ಅಪಧಮನಿ, ಬರುವ ಪೈಪು ಅಭಿಧಮನಿ, ನಡುವೆ ಕೂದಲಿಗಿಂತ ಸಪೂರವಾದ ಲೋಮನಾಳ. ಹೋದದ್ದು ಹಿಂದಕ್ಕೆ ಬರದಂತೆ ವಾಲ್ವು. ಇಷ್ಟಕ್ಕೇ ನಿಲ್ಲಿಸಬಹುದಿತ್ತು.

"ವಾಲ್ವ್ ಸಡಿಲ ಆದ್ರೆ ನಮ್ ಪಂಪೂ ಹಿಂಗೇ ಸುಯ್ ಅನ್ನುತ್ತೆ ನೋಡು" ಎಂದು ಸೇರಿಸಿದ. ಆ ದಿನ ಸೊಸೆಗೆ ಊಟ ಸೇರಲಿಲ್ಲ.

ಮರುದಿನ ಅವಳು ತನ್ನ ಡೈರಿ ತೆಗೆದಳು. ಮದುವೆಗೆ ಮುಂಚಿನಿಂದ ಬರೆಯುತ್ತಿದ್ದ ಡೈರಿ ಈಗ ವೈದ್ಯಕೀಯ ಮಹಾಗ್ರಂಥವಾಯಿತು. ದಿನಕ್ಕೆ ನಾಲ್ಕು ಸಲ ಗುಂಡನನ್ನು ಮಡಿಲಲ್ಲಿ ಕೂರಿಸಿಕೊಂಡು, ಅವನ ಪುಟ್ಟ ಮಣಿಕಟ್ಟಿನ ಮೇಲೆ ಹೆಬ್ಬೆರಳು ಒತ್ತಿ, ಗಡಿಯಾರ ನೋಡುತ್ತ ಒಂದು ನಿಮಿಷ ಬಡಿತ ಎಣಿಸಿದಳು. ಪಕ್ಕದಲ್ಲಿ ಸಂದರ್ಭವನ್ನೂ ನಮೂದಿಸಿದಳು. ಎಂಟೇ ದಿನದಲ್ಲಿ ಮಹಾಸತ್ಯವೊಂದು ಹೊರಬಿತ್ತು.

"ಅತ್ತೆ ಪೇಟೆಗೆ ಹೋಗಿದ್ದಾರೆ: ೮೦. ಅತ್ತೆ ಬಂದರು: ೧೧೨. ಬಟ್ಟೆ ಮಡಿಸೋದು ಹೀಗಾ ಎಂದರು: ೧೨೪."

ಅತ್ತೆ ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರಾಗಿದ್ದವರು. ಚಹಾ ಆಯಿತಾ ಎಂದು ಕೇಳಿದರೂ ಎದುರುಮನೆಯವರು ಸಾಲಾಗಿ ನಿಲ್ಲಬೇಕು, ಅಂಥ ದನಿ. ಆ ದನಿಗೇ ಮಗುವಿನ ಎದೆ ಹೊಡೆದುಕೊಳ್ಳುತ್ತಿದೆ ಎಂದು ಸೊಸೆ ಗಂಡನ ಮುಂದೆ ಪುರಾವೆ ಇಟ್ಟಳು. ಗಂಡ ಡೈರಿಯನ್ನು ನೋಡಿದ, ಅಮ್ಮನನ್ನು ನೋಡಿದ, ಎಲ್ಲೋ ಮೋಟರು ಸುಟ್ಟಿದೆಯಂತೆ ಎಂದು ಚಪ್ಪಲಿ ಮೆಟ್ಟಿದ. ಕೊನೆಗೆ ಸೊಸೆಯೇ ಬಾಯಿಬಿಡಬೇಕಾಯಿತು. ಡಾಕ್ಟರಮ್ಮ ಮತ್ತೆ ನೋಡುವವರೆಗೆ ಮಗುವಿನ ಹತ್ತಿರ ಮೆಲ್ಲಗೆ ಮಾತಾಡಿ, ಆದಷ್ಟು ಎತ್ತಿಕೊಳ್ಳುವುದೂ ಬೇಡ ಎಂದಳು.

ಅತ್ತೆ ಜಗಳಕ್ಕೆ ನಿಲ್ಲಲಿಲ್ಲ. ಸೊಸೆಗೆ ಕಷ್ಟವಾದದ್ದೇ ಅದು. "ಮಗೂಗೆ ಒಳ್ಳೇದಾಗೋದಾದ್ರೆ ಸರಿ ಬಿಡಮ್ಮ" ಎಂದವರು ಮೂರು ವಾರ ಬಾಗಿಲಾಚೆ ನಿಂತೇ ಮೊಮ್ಮಗನಿಗೆ ಕೈಬೀಸಿದರು. ಗುಂಡ ಎರಡೂ ಕೈ ಚಾಚಿ ಅರಚುತ್ತಿದ್ದ. ಸೊಸೆ ಎಣಿಸಿ ಬರೆಯುತ್ತಿದ್ದಳು. (೧೧೮.)

ತಿಂಗಳು ತುಂಬಿದ ದಿನ ಅತ್ತೆಯೂ ಜೊತೆಗೆ ಕ್ಲಿನಿಕ್ಕಿಗೆ ಬಂದರು. ಡಾಕ್ಟರಮ್ಮ ಗುಂಡನ ಎದೆಗೆ, ಬೆನ್ನಿಗೆ ಸ್ಟೆತಸ್ಕೋಪು ಇಟ್ಟು ತುಂಬ ಹೊತ್ತು ಕೇಳಿ ನಕ್ಕರು. ಕೋಣೆ, ವಾಲ್ವು ಎಲ್ಲ ಗಟ್ಟಿ. ಅವತ್ತಿನದು ರಕ್ತ ಹರಿಯುವ ಸದ್ದಷ್ಟೆ, ಇವತ್ತು ಅದೂ ಇಲ್ಲ. ಬಡಿತ ನೂರ ಮೂವತ್ತು, ಈ ವಯಸ್ಸಿಗೆ ಸರಿಯಾಗಿಯೇ ಇದೆ ಎಂದರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಗಲೇ ಎದ್ದು ಬರಬಹುದಿತ್ತು. ಆದರೆ ತಿಂಗಳ ದುಡಿಮೆ ವ್ಯರ್ಥವಾಗಬಾರದಲ್ಲ. ಮನೆಯಲ್ಲಿ ಎಂಬತ್ತಕ್ಕೂ ಇಳಿಯುತ್ತದೆ ಎಂದು ಡೈರಿ ಮುಂದಿಟ್ಟಳು.

ಎಂಬತ್ತೇ ಎಂದು ಡಾಕ್ಟರಮ್ಮ ಹುಬ್ಬೇರಿಸಿ, ಹೇಗೆ ಎಣಿಸಿದಿರಿ, ತೋರಿಸಿ ಎಂದರು. ಅವಳು ಹೆಬ್ಬೆರಳು ಒತ್ತಿ ತೋರಿಸಿದಳು.

"ಹೆಬ್ಬೆರಳಲ್ಲೇ ಒಂದು ನಾಡಿ ಇರುತ್ತಮ್ಮ. ಇದು ಮಗೂದಲ್ಲ. ತಿಂಗಳಿಡೀ ನಿಮ್ಮ ಎದೆಬಡಿತಾನೇ ಬರೆದಿದ್ದೀರಿ."

ಹೇಳಿ ಸುಮ್ಮನಾಗದೆ, ಪಕ್ಕದ ಟಿಪ್ಪಣಿಗಳನ್ನು ಗಟ್ಟಿಯಾಗಿ ಓದಲು ಶುರುಮಾಡಿದರು. ಬಟ್ಟೆ ಮಡಿಸುವಲ್ಲಿಗೆ ಬಂದಾಗ ಎದುರಿನ ಎರಡು ಮುಖಗಳನ್ನು ನೋಡಿ ನಿಲ್ಲಿಸಿದರು.

ಅತ್ತೆ ಡೈರಿ ತೆಗೆದುಕೊಂಡು, ಕನ್ನಡಕ ಏರಿಸಿ, ತಿಂಗಳ ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಮಡಿಚಿಟ್ಟರು. ಯಾವ ಬೆರಳಿಂದ ನೋಡಬೇಕೆಂದು ಡಾಕ್ಟರಮ್ಮನನ್ನು ಕೇಳಿ ತಿಳಿದು, ನಡುವಿನ ಮೂರು ಬೆರಳನ್ನು ಸೊಸೆಯ ಮಣಿಕಟ್ಟಿಗಿಟ್ಟು, ಗೋಡೆ ಗಡಿಯಾರ ನೋಡುತ್ತ ಒಂದು ನಿಮಿಷ ಪೂರ್ತಿ ನಿಂತರು.

"ನೂರಿಪ್ಪತ್ತು" ಎಂದರು, ಮೂರು ವಾರದಲ್ಲಿ ಮೊದಲ ಸಲ ಪೂರ್ತಿ ದನಿಯಲ್ಲಿ. ಹೊರಗೆ ಬೆಂಚಿನ ಮೇಲಿದ್ದ ರೋಗಿಗಳು ನೆಟ್ಟಗೆ ಕೂತರು. ಗುಂಡ ಕೇಕೆ ಹಾಕಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದ.

"ನಾನು ಇವನನ್ನ ಎತ್ಕೊಂಡು ಆಚೆ ನಿಂತಿರ್ತೀನಿ. ನೀನು ಇನ್ನೊಂದ್ಸಲ ಎಣಿಸ್ಕೊಂಡು ಬಾ."

ಬಾಗಿಲು ಮುಚ್ಚಿತು. ಡಾಕ್ಟರಮ್ಮ ಗಡಿಯಾರದ ಕಡೆ ಕೈ ತೋರಿಸಿದರು. ಸೊಸೆಗೆ ಎಣಿಸುವ ಧೈರ್ಯ ಬರಲಿಲ್ಲ. ಇಳಿದಿದ್ದರೆ ಆಚೆ ಹೋಗಿ ಏನೆಂದು ಹೇಳುವುದು?